ಓದುಗರ ಪ್ರಶ್ನೆ: ಚಿತ್ರ ಬಿಡಿಸೋದು ಕಲಿಯಲು ಯಾವ ಪುಸ್ತಕ ತಗೊಳ್ಳಲಿ?

ಪ್ರಶ್ನೆ: ನಮಸ್ಕಾರ ಮೇಡಂ. ಹೋದ ವರ್ಷ ಬ್ಯಾಂಕ್ ಕೆಲಸದಿಂದ ರಿಟೈರ್ ಆದೆ. ಚಿತ್ರ ಬಿಡಿಸಬೇಕು ಅನ್ನೋದು ಚಿಕ್ಕಂದಿನ ಆಸೆ, ಈಗ ಪುರುಸೊತ್ತು ಸಿಕ್ಕಿದೆ. ಮಗಳು ಆನ್‌ಲೈನ್‌ನಲ್ಲಿ ಮೂರು ಪುಸ್ತಕ ತರಿಸಿಕೊಟ್ಟಳು. ಒಂದರಲ್ಲಿ ಬರೀ ಮುಖಗಳು, ಒಂದು ಪ್ರಾಣಿಗಳದ್ದು, ಇನ್ನೊಂದು ಮೂವತ್ತೇ ದಿನದಲ್ಲಿ ಎಲ್ಲ ಕಲಿಸ್ತೀನಿ ಅನ್ನುತ್ತದೆ. ಪುಸ್ತಕದ ಆನೆ ನೋಡಿಕೊಂಡು ಬಿಡಿಸಿದರೆ ಚೆನ್ನಾಗೇ ಬರುತ್ತದೆ. ನಮ್ಮ ಅಡುಗೆಮನೆ ಕಟ್ಟೆ ಮೇಲಿನ ಲೋಟ ಬಿಡಿಸಲು ಕೂತರೆ ಬರುವುದೇ ಇಲ್ಲ. ಯಾವ ಪುಸ್ತಕ ತಗೊಳ್ಳಲಿ?
– ಡೊಂಬಿವಲಿಯ ಓದುಗರು

ಉತ್ತರ: ಅಕ್ಕಾ, ನಿಮ್ಮ ಕೈಯಲ್ಲಿ ಏನೂ ತೊಂದರೆ ಇಲ್ಲ. ಪುಸ್ತಕದ ಆನೆ ಬರುತ್ತದೆ, ಯಾಕೆಂದರೆ ಆನೆಯನ್ನು ನೋಡುವ ಕೆಲಸವನ್ನು ಪುಸ್ತಕ ಬರೆದವರು ಮೊದಲೇ ಮಾಡಿ ಮುಗಿಸಿದ್ದಾರೆ. ದುಂಡಗೆ ಒಂದು ಹೊಟ್ಟೆ, ಅದರ ಮುಂದೆ ಒಂದು ತಲೆ, ನಾಲ್ಕು ಕಂಬ, ಒಂದು ಸೊಂಡಿಲು. ನೀವು ಅವರ ಗೆರೆಯನ್ನು ಇನ್ನೊಂದು ಹಾಳೆಗೆ ಇಳಿಸುತ್ತೀರಿ, ಅಷ್ಟೇ. ಲೋಟದ ಮುಂದೆ ಕೂತಾಗ ನೋಡುವ ಕೆಲಸವೂ ನಿಮ್ಮದೇ ಆಗುತ್ತದೆ, ಅದನ್ನು ಆ ಪುಸ್ತಕ ಹೇಳಿಕೊಟ್ಟಿಲ್ಲ. ಹಾಗಾಗಿ ನಿಮಗೆ ಬೇಕಿರುವುದು ನೋಡಲು ಕಲಿಸುವ ಪುಸ್ತಕ.

ಅದನ್ನು ಕಂಡುಹಿಡಿಯಲು ಆ ಲೋಟವೇ ಸಾಕು. ಒಂದು ಸ್ಟೀಲ್ ಲೋಟವನ್ನು ಕಟ್ಟೆ ಮೇಲಿಟ್ಟು, ನಿಂತುಕೊಂಡೇ ನೋಡಿ. ಬಾಯಿ ಮೊಟ್ಟೆಯಂತೆ ಉದ್ದುದ್ದ ಕಾಣುತ್ತದೆ, ಅದನ್ನು ಎಲ್ಲರೂ ಸರಿಯಾಗೇ ಬಿಡಿಸುತ್ತಾರೆ. ತಳಕ್ಕೆ ಬಂದಾಗ ಮಾತ್ರ ಸ್ಕೇಲ್ ಇಟ್ಟ ಹಾಗೆ ನೇರ ಗೆರೆ ಎಳೆದುಬಿಡುತ್ತಾರೆ, ಯಾಕೆಂದರೆ ಲೋಟ ಚಪ್ಪಟೆ ಕಟ್ಟೆ ಮೇಲೆ ಕೂತಿದೆ ಅಂತ ತಲೆಗೆ ಗೊತ್ತು. ಕಣ್ಣಿಗೆ ಕಾಣುವುದು ಬೇರೆಯೇ. ತಳದ ಬಾಗು ಬಾಯಿಯ ಬಾಗಿಗಿಂತಲೂ ಜಾಸ್ತಿ ಇರುತ್ತದೆ, ಏಕೆಂದರೆ ತಳ ನಿಮ್ಮ ಕಣ್ಣಿನ ಮಟ್ಟಕ್ಕಿಂತ ಇನ್ನೂ ಕೆಳಗಿದೆ. ಈಗ ಮೆಲ್ಲಗೆ ಬಗ್ಗುತ್ತಾ ಹೋಗಿ. ಬಾಯಿ ತೆಳ್ಳಗಾಗುತ್ತಾ ಬಂದು, ಕಣ್ಣಿನ ಮಟ್ಟಕ್ಕೆ ಸರಿಯಾಗಿ ಬಂದಾಗ ಒಂದೇ ಗೆರೆಯಾಗುತ್ತದೆ.

ಅಂಗಡಿಗೆ ಹೋದಾಗ ಪುಸ್ತಕದ ಹೊದಿಕೆ ನೋಡಬೇಡಿ. ಲೋಟ, ಕಪ್, ಮಡಿಕೆ ಇರುವ ಪುಟ ಹುಡುಕಿ ತೆರೆಯಿರಿ. ಕಣ್ಣಿನ ಮಟ್ಟದ ಗೆರೆ ಹಾಕಿ ಇದನ್ನು ವಿವರಿಸಿದ್ದಾರಾ? ಪಕ್ಕದಲ್ಲಿ ತಪ್ಪಾಗಿ ಬಿಡಿಸಿದ ಲೋಟವನ್ನೂ ತೋರಿಸಿದ್ದಾರಾ? ತೋರಿಸಿದ್ದರೆ ಕಲಿಸುವವರು ಬರೆದ ಪುಸ್ತಕ ಅಂತ ನಂಬಬಹುದು. ಮೊದಲ ಚಿತ್ರದಲ್ಲಿ ಎರಡು ಗೆರೆ, ಮುಂದಿನ ಚಿತ್ರದಲ್ಲಿ ಫಳಫಳ ಹೊಳೆಯುವ ಲೋಟ, ನಡುವೆ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ ಅಂದರೆ ಅಲ್ಲೇ ಇಟ್ಟು ಬನ್ನಿ.

ಹೆಸರು ಬೇಕು ಅಂದರೆ, ನಿಮಗೆ ನಾನು ಮೊದಲು ಹೇಳುವುದು 1985ರಲ್ಲಿ ಬಂದ ಬರ್ಟ್ ಡಾಡ್ಸನ್ ಅವರ 'ಕೀಸ್ ಟು ಡ್ರಾಯಿಂಗ್'. ಮನೆಯಲ್ಲಿ ಒಬ್ಬರೇ ಕೂತು ಕಲಿಯುವವರಿಗೆ ಇದು ತುಂಬ ಹೊಂದುತ್ತದೆ. ಪಾಠಕ್ಕೆ ತಕ್ಕ ಅಭ್ಯಾಸ ಕೊಡುತ್ತಾರೆ, ನಿಮ್ಮ ಸುತ್ತ ಇರುವ ವಸ್ತುಗಳನ್ನೇ ನೋಡಿ ಬಿಡಿಸಲು ಹೇಳುತ್ತಾರೆ. ಬೆಟ್ಟಿ ಎಡ್ವರ್ಡ್ಸ್ ಅವರ 'ಡ್ರಾಯಿಂಗ್ ಆನ್ ದ ರೈಟ್ ಸೈಡ್ ಆಫ್ ದ ಬ್ರೈನ್' ಇನ್ನೂ ಜಾಸ್ತಿ ಹೆಸರಾದ ಪುಸ್ತಕ, 1979ರದ್ದು. ಬಲ ಮೆದುಳು, ಎಡ ಮೆದುಳು ಅನ್ನುವ ಅದರ ಮಾತನ್ನು ಇವತ್ತಿನ ವಿಜ್ಞಾನಿಗಳು ಅಷ್ಟು ಸರಳವಾಗಿ ಒಪ್ಪುವುದಿಲ್ಲ. ಆದರೆ ಚಿತ್ರವನ್ನು ತಲೆಕೆಳಗಾಗಿ ಇಟ್ಟುಕೊಂಡು ನಕಲು ಮಾಡುವ ಅದರ ಅಭ್ಯಾಸ ಮಾಡಿಯೇ ನೋಡಬೇಕು. ಮೂಗು, ಕೈ ಅಂತ ತಲೆ ಹೆಸರು ಹಚ್ಚುವುದನ್ನು ಬಿಟ್ಟು, ಗೆರೆ ಎತ್ತ ತಿರುಗಿತು ಅಂತ ಕಣ್ಣು ನೋಡತೊಡಗುತ್ತದೆ.

ಕಟ್ಟಡ, ಬೀದಿ ಬಿಡಿಸುವ ಆಸೆ ಬಂದಾಗ ಎರ್ನೆಸ್ಟ್ ನಾರ್ಲಿಂಗ್ ಅವರ 'ಪರ್ಸ್‌ಪೆಕ್ಟಿವ್ ಮೇಡ್ ಈಸಿ' ಓದಿ. ದೂರ ಹೋದಷ್ಟೂ ವಸ್ತು ಸಣ್ಣಗೆ ಕಾಣುವುದನ್ನು ಹಾಳೆ ಮೇಲೆ ತೋರಿಸುವ ರೀತಿಯೇ ಪರ್ಸ್‌ಪೆಕ್ಟಿವ್. 1939ರ ಪುಸ್ತಕವಾದರೂ ವಿವರಣೆ ಇವತ್ತಿಗೂ ಅಷ್ಟೇ ಸಲೀಸು. ಪುಣೆಯ ಮಿಲಿಂದ್ ಮುಳೀಕ್ ಅವರದ್ದೂ 'ಪರ್ಸ್‌ಪೆಕ್ಟಿವ್' ಅಂತ ಪುಸ್ತಕವಿದೆ, ಪುಣೆಯದ್ದೇ ಆದ ಜ್ಯೋತ್ಸ್ನಾ ಪ್ರಕಾಶನ ತಂದದ್ದು. ಇನ್ನು ಕಿಮೋನ್ ನಿಕೊಲಾಯ್ಡಿಸ್ ಅವರ 'ದ ನ್ಯಾಚುರಲ್ ವೇ ಟು ಡ್ರಾ' 1941ರಲ್ಲಿ, ಅವರು ತೀರಿಹೋದ ಮೇಲೆ ಬಂತು. ತುಂಬ ಒಳ್ಳೆಯದು, ಆದರೆ ಅದು ಕೇಳುವಷ್ಟು ಗಂಟೆಗಳನ್ನು ಶುರುವಿನಲ್ಲೇ ಕೊಡುವುದು ಕಷ್ಟ, ಈಗಲೇ ಬೇಡ. ಅದರಿಂದ ಒಂದು ಅಭ್ಯಾಸ ಮಾತ್ರ ಎತ್ತಿಕೊಳ್ಳಿ. ಆಳಿನ ಮುಖ, ಬಟ್ಟೆ ಎಲ್ಲ ಬಿಟ್ಟು, ದೇಹ ಏನು ಮಾಡುತ್ತಿದೆ ಅನ್ನುವುದನ್ನಷ್ಟೇ ಒಂದು ನಿಮಿಷದೊಳಗೆ ಗೀಚುವುದು. ಮಧ್ಯಾಹ್ನದ ಲೋಕಲ್ ರೈಲಿನಲ್ಲಿ ಕಿಟಕಿಗೆ ಒರಗಿ ತೂಕಡಿಸುವವರು, ಹಿಡಿಕೆ ಹಿಡಿದು ಜೋತಾಡುವವರು ಎಷ್ಟು ಜನ ಬೇಕು?

ಒಂದು ಸಲಕ್ಕೆ ಒಂದೇ ಪುಸ್ತಕ. ಮುಖದ ಪುಸ್ತಕ ಕಪಾಟಿನಲ್ಲಿರಲಿ, ಮುಂದೆ ಬೇಕಾಗುತ್ತದೆ. ಮತ್ತೆ, ಸಾಧ್ಯವಾದರೆ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ಮೇಜಿನ ಮೇಲೆ ಬಿಚ್ಚಿಟ್ಟರೆ ಬಿಚ್ಚಿದ ಹಾಗೇ ಇರುತ್ತದಾ, ಅಥವಾ ಪೆನ್ಸಿಲ್ ಹಿಡಿಯುವಷ್ಟರಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದಾ? ಮುಂಬೈನ ಮಾತುಂಗಾದಲ್ಲಿ ಕಿಂಗ್ಸ್ ಸರ್ಕಲ್‌ನ ಫುಟ್‌ಪಾತ್ ಮೇಲೆ ಹಳೇ ಪುಸ್ತಕದವರು ಕೂರುತ್ತಾರಲ್ವಾ, ಅಲ್ಲೂ ಒಮ್ಮೆ ಕೇಳಿ. ಪಾಠದ ಪುಸ್ತಕದ ಜೊತೆಗೆ ನೋಡುವುದಕ್ಕೆ ಅಂತಲೇ ಒಂದು ಬೇಕೆನಿಸಿದರೆ ನಮ್ಮ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಹುಡುಕಿ. ಉಡುಪಿ ಕಡೆಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬೈನ ಜೆ. ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು ಅಲ್ಲೇ ಕಲಿಸಿದವರು ಅವರು. ಕೆಲವೇ ಗೆರೆಗಳಲ್ಲಿ ಕುಣಿಯುವವರ ಮೈ ಇಡೀ ತಿರುಗಿಬಿಡುತ್ತದೆ. ನಕಲು ಮಾಡಬೇಡಿ, ಗೆರೆ ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಅಂತ ಸುಮ್ನೆ ಬೆರಳಾಡಿಸಿ ನೋಡಿ.

ಪ್ರಶ್ನೆ: ಮಗಳು ಏಳನೇ ಕ್ಲಾಸು. ಮಹಾರಾಷ್ಟ್ರ ಸರ್ಕಾರ ಶಾಲೆ ಮಕ್ಕಳಿಗೆ ನಡೆಸುವ ಎಲಿಮೆಂಟರಿ ಡ್ರಾಯಿಂಗ್ ಪರೀಕ್ಷೆಗೆ ಕೂರುತ್ತಾಳೆ. ಗೈಡ್ ಒಂದೇ ಸಾಕಾ?
– ಠಾಣೆಯ ಓದುಗರು

ಉತ್ತರ: ಜ್ಯಾಮಿತಿ ಮತ್ತು ಅಕ್ಷರ ಬರವಣಿಗೆಗೆ ಸಾಕು, ಅವು ನಿಯಮದ ಪ್ರಕಾರ ನಡೆಯುವಂಥವು. ಡಿಸೈನ್‌ಗೂ ಗೈಡ್ ನೋಡಿದರೆ ಒಂದು ಅಂದಾಜು ಸಿಗುತ್ತದೆ. ವಸ್ತು ಇಟ್ಟು ಬಿಡಿಸುವ ಚಿತ್ರಕ್ಕೆ ಮನೆಯ ಚೆಂಬು, ಬದನೆಕಾಯಿಗಳನ್ನೇ ಇಟ್ಟು ಬಿಡಿಸಲಿ. ನೆನಪಿನಿಂದ ಬಿಡಿಸುವ ಮೆಮೊರಿ ಡ್ರಾಯಿಂಗ್‌ಗೆ ಮಾತ್ರ ಗೈಡ್‌ನಲ್ಲಿರುವ ಬಾವಿಕಟ್ಟೆ, ಜಾತ್ರೆ ಚಿತ್ರಗಳನ್ನು ಬಾಯಿಪಾಠ ಮಾಡಿಸಬೇಡಿ. ತರಕಾರಿ ಮಾರ್ಕೆಟ್‌ಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ತೂಕ ಹಾಕುವ ಆಕೆ ಹೇಗೆ ಕೂತಿದ್ದಳು, ಬುಟ್ಟಿ ಅವಳ ಮಂಡಿಯಷ್ಟು ಎತ್ತರವಿತ್ತಾ, ಹಿಂದೆ ನಿಂತವರು ಎಷ್ಟು ಸಣ್ಣಗೆ ಕಂಡರು ಅಂತ ದಾರಿಯಲ್ಲಿ ಕೇಳುತ್ತಾ ಬನ್ನಿ. ಮನೆಗೆ ಬಂದು ಅದನ್ನೇ ಬಿಡಿಸಲಿ.

ಪ್ರಶ್ನೆ: ಇಷ್ಟೊಂದು ವಿಡಿಯೊಗಳು ಪುಕ್ಕಟೆ ಸಿಗುವಾಗ ಪುಸ್ತಕ ಯಾಕೆ ಬೇಕು?
– ವಾಶಿಯ ಓದುಗರು

ಉತ್ತರ: ಪೆನ್ಸಿಲ್ ಹಿಡಿಯುವ ರೀತಿ, ನೆರಳು ತುಂಬುವಾಗ ಮಣಿಕಟ್ಟು ಆಡುವ ರೀತಿ ಕಲಿಯಲು ವಿಡಿಯೊನೇ ವಾಸಿ, ಪುಸ್ತಕ ಕೈಯ ಚಲನೆ ತೋರಿಸಲಾರದು. ಉಳಿದದ್ದಕ್ಕೆ ನಾನು ಪುಸ್ತಕದ ಕಡೆಯೇ. ವಿಡಿಯೊದಲ್ಲಿ ಕಣ್ಣು ಅವರ ಹಾಳೆ ಮೇಲೇ ಅಂಟಿಕೊಂಡಿರುತ್ತದೆ, ನಿಮ್ಮ ಮುಂದಿನ ವಸ್ತುವನ್ನು ನೋಡಲು ಬಿಡುವೇ ಸಿಗುವುದಿಲ್ಲ. ಪುಸ್ತಕದಲ್ಲಿ ಒಂದು ಪುಟ ಓದಿ, ಪಕ್ಕಕ್ಕಿಟ್ಟು, ವಾರವಿಡೀ ಅದೇ ಅಭ್ಯಾಸ ಮಾಡಬಹುದು. ಎರಡೂ ಬೇಕೆಂದರೆ ವಿಡಿಯೊ ಮೊದಲೇ ಪೂರ್ತಿ ನೋಡಿ, ಫೋನ್ ಬೇರೆ ಕೋಣೆಯಲ್ಲಿಟ್ಟು ಬಂದು ಬಿಡಿಸಲು ಕೂರಿ.