ಗೌಜಲಕ್ಕಿಯ ಮೈ ಅಳತೆ ನೋಡಿ ತೂಕ ಹೇಳಬಹುದಾ? ಯಾವ ಅಳತೆ ನಂಬಬೇಕು?

ಎದೆಸುತ್ತಳತೆ, ಕಾಲಿನ ಉದ್ದ, ಎದೆಮೂಳೆಯ ಉದ್ದ, ಇವುಗಳಲ್ಲಿ ತೂಕಕ್ಕೆ ಹತ್ತಿರ ಯಾವುದು, ಅದನ್ನೇ ನೋಡಿ ತಳಿಗೆ ಹಕ್ಕಿ ಆರಿಸಬಹುದಾ ಎಂದು ಕೇಳಿದ್ದೀರಿ. ನಾನು ಹೇಳುತ್ತಿರುವುದು ಜಪಾನಿ ಗೌಜಲಕ್ಕಿಯ ಮಾತು. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ಬಂದು, ಈಗ ನಮ್ಮ ಫಾರಂಗಳಲ್ಲಿ ಕ್ವೇಲ್ ಎಂದೇ ಮಾರಾಟವಾಗುವ ಹಕ್ಕಿ ಅದು.

ಒಂದೇ ಅಳತೆ ಹಿಡಿಯಬೇಕೆಂದರೆ ಎದೆಸುತ್ತಳತೆ ಹಿಡಿಯಿರಿ. ಅದರಲ್ಲಿ ಮಾಂಸ ಸೇರಿರುತ್ತದೆ. ಕಾಲಿನ ಅಳತೆ ಬರೀ ಮೂಳೆಯದು. ಮೂಳೆ ಬೇಗ ಬೆಳೆದು ನಿಲ್ಲುತ್ತದೆ, ಎದೆ ಆಮೇಲೂ ತುಂಬುತ್ತಾ ಹೋಗುತ್ತದೆ.

ಆದರೆ ಹೆಚ್ಚಿನವರು ಎಡವುವುದು ಅಳತೆಯ ಆಯ್ಕೆಯಲ್ಲಲ್ಲ, ಹಕ್ಕಿಗಳನ್ನು ಬೆರೆಸುವುದರಲ್ಲಿ. ಮೊಟ್ಟೆಯೊಡೆದ ದಿನ ಮರಿ 7–10 ಗ್ರಾಂ, ಐದು ವಾರಕ್ಕೆ ಮಾಂಸದ ತಳಿಯಲ್ಲಿ 200 ಗ್ರಾಂ ಆಸುಪಾಸು. ಎಲ್ಲ ವಯಸ್ಸಿನವನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಯಾವ ಅಳತೆ ತೆಗೆದುಕೊಂಡರೂ ತೂಕದ ಜೊತೆ ಸಹಸಂಬಂಧ (ಎರಡೂ ಎಷ್ಟು ಜೊತೆಯಾಗಿ ಏರುತ್ತವೆ ಎಂಬ ಅಂಕಿ, 1 ಎಂದರೆ ಪೂರ್ತಿ ಹೊಂದಿಕೆ) ಸಾಮಾನ್ಯವಾಗಿ 0.9 ದಾಟುತ್ತದೆ. ಅದು ಹೇಳುವುದು ಇಷ್ಟೇ: ಹಕ್ಕಿ ಬೆಳೆದಿದೆ. ನಿಮಗೆ ಬೇಕಾದದ್ದು ಒಂದೇ ದಿನ ಒಡೆದ ಮರಿಗಳಲ್ಲಿ ಯಾವುದು ಮುಂದಿದೆ ಎಂಬುದು, ಅಲ್ಲಿ ಸಂಬಂಧ ಬಹಳ ಸಡಿಲ. ಹಾಗಾಗಿ ಬ್ಯಾಚ್ ಬೇರೆ, ಲಿಂಗ ಬೇರೆ ಮಾಡಿ ಲೆಕ್ಕ ಹಾಕಿ. ಕೋಳಿಯಂತಲ್ಲ, ಇಲ್ಲಿ ಹೆಣ್ಣೇ ಗಂಡಿಗಿಂತ ಭಾರ. ಮೂರು ವಾರ ಕಳೆದರೆ ಎದೆಗರಿಯಲ್ಲೇ ಗುರುತು ಸಿಗುತ್ತದೆ: ಗಂಡಿಗೆ ಚುಕ್ಕೆಯಿಲ್ಲದ ಕೆಂಗಂದು, ಹೆಣ್ಣಿಗೆ ಕಪ್ಪು ಚುಕ್ಕೆ.

ಮೊಟ್ಟೆಗೆ ಬಂದ ಹೆಣ್ಣು ಇನ್ನೊಂದು ತೊಡಕು. ಆರೇಳು ವಾರಕ್ಕೆ ಅಂಡಾಶಯ, ಅಂಡನಾಳ ದೊಡ್ಡದಾಗಿ ತೂಕ ಏರುತ್ತದೆ, ಕಾಲು ಇದ್ದಷ್ಟೇ ಇರುತ್ತದೆ. ಅದೂ ಅಲ್ಲದೆ ಇವು ಮೊಟ್ಟೆ ಇಡುವುದು ಹೆಚ್ಚಾಗಿ ಮಧ್ಯಾಹ್ನದ ನಂತರ. ಬೆಳಿಗ್ಗೆ ತೂಗಿದರೆ 10–12 ಗ್ರಾಂನ ಮೊಟ್ಟೆಯನ್ನೂ ಸೇರಿಸಿ ತೂಗಿದ ಹಾಗೆ. ತಳಿ ಆಯ್ಕೆಗೆ ಐದನೇ ವಾರದಲ್ಲೇ ಅಳೆದು ಮುಗಿಸಿ.

ಕ್ರಮ ಹೀಗಿರಲಿ. ಬೆಳಿಗ್ಗೆ ಮೇವು ಹಾಕುವ ಮೊದಲೇ, ಗಂಟಲಚೀಲ ಖಾಲಿ ಇರುವಾಗ ತೂಗಿ. 1 ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಸಣ್ಣ ಬಟ್ಟೆಚೀಲ ಇಟ್ಟು ಸೊನ್ನೆ ಮಾಡಿಕೊಂಡು ಹಕ್ಕಿಯನ್ನು ಒಳಗೆ ಬಿಡಿ, ಕತ್ತಲಾದರೆ ಒದ್ದಾಡುವುದಿಲ್ಲ. ಎದೆಸುತ್ತಳತೆಗೆ ದರ್ಜಿಯ ಟೇಪನ್ನು ರೆಕ್ಕೆಯಡಿ ಹಾಯಿಸಿ, ಎದೆ ಅತ್ಯಂತ ದಪ್ಪವಿರುವಲ್ಲಿ ಸುತ್ತಿ. ಗರಿ ಅಮರಬೇಕು, ಮಾಂಸ ಅಮುಕಬಾರದು. ಉಸಿರು ಬಿಟ್ಟಾಗ ಓದಿ. ಬಿಗಿಯಾಗಿ ಹಿಡಿದು ಎದೆ ಅದುಮಬೇಡಿ, ಇಷ್ಟು ಚಿಕ್ಕ ಹಕ್ಕಿಗೆ ಉಸಿರು ಕಟ್ಟುತ್ತದೆ. ಕಾಲನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ, ಕಾಲು ಹಿಂದಕ್ಕೆ ಮಡಚುವ ಕೀಲಿನಿಂದ ಬೆರಳುಗಳ ಬುಡದವರೆಗೆ ಅಳೆಯಿರಿ. ಎದೆಮೂಳೆಯನ್ನು ನಾನು ಈ ವಯಸ್ಸಿನಲ್ಲಿ ನಂಬುವುದಿಲ್ಲ, ಹಿಂದಿನ ತುದಿ ಇನ್ನೂ ಮೃದ್ವಸ್ಥಿ, ಒತ್ತಿದರೆ ಬಾಗುತ್ತದೆ.

ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಏನಾಗುತ್ತದೆ ನೋಡಿ. ಆಕಾರ ಬದಲಾಗದೆ ಬೆಳೆದರೆ ತೂಕ ಉದ್ದದ ಘನದಂತೆ ಏರುತ್ತದೆ. 35 ಮಿಮೀ ಕಾಲನ್ನು 36 ಎಂದು ಬರೆದರೆ ಆ ಲೆಕ್ಕದಲ್ಲಿ 200 ಗ್ರಾಂ ಹಕ್ಕಿ 218 ಗ್ರಾಂ ಆಯಿತು! ಇದೇ ಕಾರಣಕ್ಕೆ, ವಯಸ್ಸುಗಳನ್ನು ಸೇರಿಸಿ ಸೂತ್ರ ಕಟ್ಟುವುದಾದರೆ ತೂಕ, ಅಳತೆ ಎರಡರದ್ದೂ ಲಾಗರಿದಮ್ ತೆಗೆದು ಎಕ್ಸೆಲ್‌ನಲ್ಲಿ ರೇಖೆ ಹಾಕಿ. ಒಂದೇ ವಯಸ್ಸಿನೊಳಗೆ ಸರಳರೇಖೆಯೇ ಸಾಕು. ಲಿಂಗಕ್ಕೆ ಐವತ್ತಾದರೂ ಹಕ್ಕಿ ಇರಲಿ. ನಾಲ್ಕೈದು ಅಳತೆ ಒಟ್ಟಿಗೆ ತುರುಕಬೇಡಿ, ಅವು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಸೂತ್ರದಲ್ಲಿ ಪ್ರತಿ ಅಳತೆಯ ಪಾಲು ತೋರಿಸುವ ಗುಣಾಂಕಗಳು ಅರ್ಥ ಕಳೆದುಕೊಳ್ಳುತ್ತವೆ.

ತಕ್ಕಡಿ ಇದ್ದ ಮೇಲೆ ತೂಕವನ್ನು ಟೇಪಿನಿಂದ ಊಹಿಸುವ ಅಗತ್ಯವಿಲ್ಲ. ತೂಕ ಸಮವಿದ್ದ ಎರಡು ಹಕ್ಕಿಗಳಲ್ಲಿ ಎದೆ ತುಂಬಿದ್ದು ಯಾವುದು, ಬರೀ ಕಾಲುದ್ದದ್ದು ಯಾವುದು ಎಂದು ಬೇರ್ಪಡಿಸಲು ಟೇಪು ಬೇಕು. ಶುರುಮಾಡುವ ಮುನ್ನ ಕಾಲಿಗೆ ನಂಬರ್ ಉಂಗುರ ಹಾಕಿ, ಹತ್ತು ಹಕ್ಕಿಗಳನ್ನು ಅದೇ ಕೈಯಲ್ಲಿ ಎರಡು ಸಲ ಅಳೆಯಿರಿ, ಮೊದಲಿನ ಅಂಕಿ ನೋಡದೆ. ಕಾಲಿನಲ್ಲಿ ಒಂದು ಮಿಮೀಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲು ಕೈ ಪಳಗಲಿ, ಉಳಿದ ಹಕ್ಕಿಗಳನ್ನು ಆಮೇಲೆ ಮುಟ್ಟಿ.