ಮೊದಲು ಕಥೆ ಪೂರ್ತಿ ಹೇಳಿ

ನಮಸ್ಕಾರ,

ನಾಪೋಕ್ಲಿನಿಂದ ನೀವು ಕಳಿಸಿದ ‘ಪುರಾಣಗಳಲ್ಲಿ ಮರುಹುಟ್ಟಿನ ಅಧ್ಯಾತ್ಮ’ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸಂಜೀವಿನಿ, ಚ್ಯವನ, ಮೆಸೊಪೊಟೇಮಿಯಾದ ಪುರಾಣದ ರಾಜ ಗಿಲ್ಗಮೆಶ್, ಫೀನಿಕ್ಸ್ ಹಕ್ಕಿ, ಕಾವೇರಿ ಎಲ್ಲವನ್ನೂ ನಾಲ್ಕು ಪುಟದಲ್ಲಿ ತುಂಬಿದ್ದೀರಿ. ಒಂದೊಂದು ಕಥೆಗೆ ಎರಡೇ ಸಾಲು. ಮೂರನೇ ಸಾಲಿಗೆ ‘ಇದು ಆತ್ಮಶುದ್ಧಿಯ ಸಂಕೇತ’ ಅಂತ ಬಂದುಬಿಡುತ್ತದೆ. ಐದು ಕಥೆಗೂ ಒಂದೇ ಅರ್ಥವಾದರೆ ಐದು ಕಥೆ ಯಾಕೆ ಬೇಕು?

ಚ್ಯವನನ ಕಥೆಯನ್ನೇ ನೋಡಿ. ‘ಅಶ್ವಿನಿ ದೇವತೆಗಳು ಮುದುಕ ಋಷಿಗೆ ಯೌವನ ಕೊಟ್ಟರು’ ಎಂದು ಮುಗಿಸಿದ್ದೀರಿ. ಸುಕನ್ಯೆಯ ಹೆಸರೇ ಇಲ್ಲ! ಹುತ್ತದೊಳಗೆ ಹೊಳೆಯುತ್ತಿದ್ದ ಚ್ಯವನನ ಕಣ್ಣುಗಳನ್ನು ತಿಳಿಯದೆ ಮುಳ್ಳಿನಿಂದ ಚುಚ್ಚಿದವಳು ಅವಳು. ಅದಕ್ಕಾಗಿ ಆ ಮುದುಕನನ್ನೇ ಮದುವೆಯಾಗಬೇಕಾಯಿತು. ಆಮೇಲೆ ಗಂಡ ಮತ್ತು ಇಬ್ಬರು ಅಶ್ವಿನಿಗಳು ಸರೋವರದಲ್ಲಿ ಮುಳುಗಿ, ಒಂದೇ ರೂಪದ ಮೂವರು ಯುವಕರಾಗಿ ಎದ್ದು ಬರುತ್ತಾರೆ. ಅವರಲ್ಲಿ ತನ್ನವನು ಯಾರೆಂದು ಅವಳು ಗುರುತು ಹಿಡಿಯಬೇಕು. ನೋಯಿಸಿದವಳೇ ಗುರುತಿಸುವವಳೂ ಆದಳು, ಅಲ್ವಾ? ಇನ್ನೊಂದು ಮಾತು. ಅಶ್ವಿನಿಗಳು ವೈದ್ಯರು, ಮನುಷ್ಯರ ನಡುವೆ ಓಡಾಡುವವರು ಅಂತ ಇಂದ್ರ ಅವರಿಗೆ ಯಜ್ಞದ ಸೋಮರಸದಲ್ಲಿ ಪಾಲು ಕೊಡಲು ಒಪ್ಪಿರಲಿಲ್ಲ. ಅದನ್ನು ಕೊಡಿಸಿದವನು ಚ್ಯವನ. ಇಷ್ಟೆಲ್ಲ ಇರುವಾಗ ‘ಸಂಕೇತ’ ಎನ್ನುವ ಮಾತನ್ನು ಸುಮ್ನೆ ಮೇಲೆ ಅಂಟಿಸಬೇಡಿ.

ಗಿಲ್ಗಮೆಶ್ ಅಮರನಾದ ಎಂದು ಬರೆದಿರುವುದು ತಪ್ಪು. ಯೌವನ ಮರಳಿಸುವ ಗಿಡ ಅವನಿಗೆ ಸಿಕ್ಕಿತು, ನಿಜ. ಅವನು ಕೊಳದಲ್ಲಿ ಸ್ನಾನ ಮಾಡುವಾಗ ಹಾವು ಅದನ್ನು ಎತ್ತಿಕೊಂಡು ಹೋಗಿ, ಪೊರೆ ಕಳಚಿತು. ಅವನು ಬರಿಗೈಯಲ್ಲಿ ಊರಿಗೆ ಮರಳಿದ. ಫೀನಿಕ್ಸ್ ಬಿಟ್ಟುಬಿಡಿ, ಎಲ್ಲರೂ ಬರೆದಾಗಿದೆ.

ಈಗ ನಿಮ್ಮ ಕೊನೆಯ ಪುಟ. ಮದ್ದು ಸೊಪ್ಪು ಬೇಯಿಸಿದ ದಿನ ಅಜ್ಜಿಯ ಬೆರಳೆಲ್ಲ ನೇರಳೆಯಾಗಿರುತ್ತಿತ್ತು ಎಂದು ಒಂದು ಸಾಲು ಬರೆದಿದ್ದೀರಿ. ಇಡೀ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ. ಕಕ್ಕಡ ಅಂದರೆ ನಮ್ಮ ಕೊಡಗಿನಲ್ಲಿ ಮಳೆ ಜಾಸ್ತಿ, ಗದ್ದೆಯಲ್ಲಿ ನಾಟಿ ಕೆಲಸ, ಶುಭಕಾರ್ಯ ಇಲ್ಲದ ತಿಂಗಳು. ಆ ಕಾಲದಲ್ಲೇ ಮದ್ದು ಸೊಪ್ಪಿನ ಗಿಡಕ್ಕೆ ದಿನಕ್ಕೊಂದು ಮದ್ದು ಸೇರುತ್ತಾ ಹೋಗಿ, ಕಕ್ಕಡ ಪದಿನೆಟ್ಟ್‌ಗೆ, ಅಂದರೆ ಆ ತಿಂಗಳ ಹದಿನೆಂಟನೇ ದಿನವಾದ ಆಗಸ್ಟ್ 3ರ ಹೊತ್ತಿಗೆ, 18 ಮದ್ದು ತುಂಬುತ್ತವೆ ಅನ್ನುವುದು ನಂಬಿಕೆ. ಸೊಪ್ಪು ಬೇಯಿಸಿದ ನೀರಿನಲ್ಲಿ ಪಾಯಸ ಮಾಡುತ್ತೇವೆ. ಮರುದಿನ ಮೂತ್ರಕ್ಕೂ ಬಣ್ಣ ಬರುತ್ತದೆ. ನಾಚಿಕೆ ಪಡದೆ ಅದನ್ನೂ ಬರೆಯಿರಿ. ಮೈ ಸೋತ ತಿಂಗಳಲ್ಲಿ ಮೈಯನ್ನು ನೋಡಿಕೊಳ್ಳಲು ನಮ್ಮವರು ಒಂದು ದಿನವನ್ನೇ ಎತ್ತಿಟ್ಟಿದ್ದಾರೆ. ಅದರಲ್ಲಿ ಅಧ್ಯಾತ್ಮ ಇಲ್ಲ ಅಂತ ಯಾರು ಹೇಳಿದವರು?

ಆ ಅಡುಗೆಮನೆಯಿಂದ ಶುರು ಮಾಡಿ. ಜೊತೆಗೆ ಸುಕನ್ಯೆಯ ಕಥೆ ಒಂದೇ ಸಾಕು. ಕಾವೇರಿಯನ್ನು ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ, ತುಲಾ ಸಂಕ್ರಮಣದ ಹೊತ್ತಿಗೆ ಕೇಳುತ್ತೇನೆ. ಸೊಪ್ಪು ಯಾರು ಕೊಯ್ದು ತರುತ್ತಾರೆ, ಎಷ್ಟು ಹೊತ್ತು ಬೇಯಿಸುತ್ತಾರೆ, ಮೊದಲ ತುತ್ತು ಯಾರಿಗೆ, ಇದನ್ನೆಲ್ಲ ಅಜ್ಜಿಯನ್ನು ಕೇಳಿ ಬರೆದುಕೊಳ್ಳಿ. 800 ಪದ ಮೀರದಿರಲಿ. ಜುಲೈ 10ರೊಳಗೆ ಬಂದರೆ ಕಕ್ಕಡದ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ, ಮಡಿಕೇರಿ