ಹಳೆಯ ಮೂಕಿ ಸೈನ್ಸ್ ಫಿಕ್ಷನ್ ಚಿತ್ರಗಳಿಗೆ ಕತ್ತರಿ ಹಾಕಬಹುದಾ?

ನೀವು ಕೇಳಿದ್ದು ಎರಡು ವಿಷಯ. ‘ಮೆಟ್ರೊಪೊಲಿಸ್’ನಂಥ ಮೂಕಿ ಚಿತ್ರಕ್ಕೆ ಹೊಸ ಸಂಗೀತ ಹಾಕಿ, ದೃಶ್ಯಗಳನ್ನು ಅದಲುಬದಲು ಮಾಡಿದರೆ ಮೂಲಕ್ಕೆ ಅವಮಾನ ಅಲ್ವಾ? ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು? ಬಿಡುವಾದಾಗ ನಾನು ಮಾಡುವುದೂ ಇದೇ ಕೆಲಸ. ಹಾಗಾಗಿ ಉತ್ತರದಲ್ಲಿ ಸ್ವಲ್ಪ ಪಕ್ಷಪಾತ ಕಂಡರೆ ಸಹಿಸಿಕೊಳ್ಳಿ.

ಅವಮಾನದ ಮಾತು ಬಂದಾಗೆಲ್ಲ ‘ಯಾವ ಮೂಲಕ್ಕೆ?’ ಅಂತ ನಾನು ತಿರುಗಿ ಕೇಳುತ್ತೇನೆ. ನಿರ್ದೇಶಕ ಫ್ರಿಟ್ಜ್ ಲಾಂಗ್ ಅವರ ‘ಮೆಟ್ರೊಪೊಲಿಸ್’ 1927ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ತೆರೆ ಕಂಡಾಗ ಸುಮಾರು ಎರಡೂವರೆ ಗಂಟೆ ಉದ್ದ ಇತ್ತು. ಅದೇ ವರ್ಷ ಅಮೆರಿಕದ ಬಿಡುಗಡೆಗೆ ಅಂತ ಅದನ್ನು ಸಿಕ್ಕಾಪಟ್ಟೆ ಕತ್ತರಿಸಿದರು. ಚಾನಿಂಗ್ ಪೊಲಾಕ್ ಎಂಬ ನಾಟಕಕಾರರು ಕಥೆಯನ್ನೇ ತಿದ್ದಿದರು. ಮೂಲದಲ್ಲಿ ವಿಜ್ಞಾನಿ ರೋಟ್‌ವಾಂಗ್ ಯಂತ್ರದ ಹೆಣ್ಣನ್ನು ಮಾಡುವುದಕ್ಕೆ ಒಂದು ನೋವಿನ ಕಾರಣ ಇದೆ. ಹೆಲ್ ಎಂಬ ಹೆಂಗಸು ತೀರಿಹೋಗಿದ್ದಾಳೆ. ಅವಳನ್ನು ಇವನೂ ಪ್ರೀತಿಸಿದ್ದ, ನಗರದ ಒಡೆಯನೂ ಪ್ರೀತಿಸಿದ್ದ. ಅಮೆರಿಕದ ಪ್ರತಿಯಲ್ಲಿ ಅವಳ ಸುಳಿವೇ ಇಲ್ಲ. ಅವಳು ಹೋದ ಮೇಲೆ ರೋಟ್‌ವಾಂಗ್ ಸುಮ್ನೆ ಒಬ್ಬ ಹುಚ್ಚು ವಿಜ್ಞಾನಿ ಅಷ್ಟೇ. ಕತ್ತರಿ ಮತ್ತು ನಡುನಡುವೆ ಬರುವ ಬರಹದ ಕಾರ್ಡು, ಇವೆರಡರಿಂದಲೇ ಒಬ್ಬ ಮನುಷ್ಯನ ಸ್ವಭಾವ ಬದಲಾಗಿಹೋಯಿತು!

ಎಷ್ಟೋ ವರ್ಷ ಜನ ಕ್ಲಾಸಿಕ್ ಅಂತ ಹೊಗಳುತ್ತಾ ನೋಡಿದ್ದು ಇಂಥ ಮೊಟಕು ಪ್ರತಿಗಳನ್ನೇ. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ ಮೈತುಂಬಾ ಗೀರು ಬಿದ್ದ 16 ಎಂಎಂ ಪ್ರತಿಯೊಂದು ಸಿಕ್ಕಿತು. ಆಮೇಲೆ, 2010ರಲ್ಲಿ, ಹೆಚ್ಚುಕಡಿಮೆ ಪೂರ್ತಿ ಚಿತ್ರ ಮತ್ತೆ ತೆರೆಗೆ ಬಂತು.

ಅದಕ್ಕೂ ಮುಂಚೆ, 1984ರಲ್ಲಿ, ಸಂಗೀತ ನಿರ್ದೇಶಕ ಜಾರ್ಜಿಯೊ ಮೊರೊಡರ್ ಇದಕ್ಕೆ ಬಣ್ಣದ ಛಾಯೆ ಕೊಟ್ಟು, ಫ್ರೆಡ್ಡಿ ಮರ್ಕ್ಯುರಿ, ಬಾನಿ ಟೈಲರ್ ಹಾಡುಗಳನ್ನು ಸೇರಿಸಿ, ಕಾರ್ಡುಗಳ ಬದಲು ಸಬ್‌ಟೈಟಲ್ ಹಾಕಿ, ಒಂದೂವರೆ ಗಂಟೆಯ ಒಳಗೆ ಮುಗಿಸಿದ್ದರು. ಎಷ್ಟೋ ಜನ ಮೂಗು ಮುರಿದರು. ಕೆಲವು ಕಡೆ ಹಾಡು ಜಾಸ್ತಿಯಾಯಿತು ಅಂತ ನನಗೂ ಅನ್ನಿಸುತ್ತದೆ. ಆದರೆ ಸಿಗದ ದೃಶ್ಯಗಳ ಜಾಗಕ್ಕೆ ಸ್ಟಿಲ್ ಫೋಟೊಗಳನ್ನು ಹುಡುಕಿ ತಂದು ಇಟ್ಟ ಮನುಷ್ಯನಿಗೆ ಮೂಲದ ಮೇಲೆ ಗೌರವ ಇರಲಿಲ್ಲ ಅಂತ ಹೇಳುವುದು ಕಷ್ಟ.

ಇನ್ನು ಶುರು ಮಾಡುವ ವಿಷಯ. ಸಂಗೀತದಿಂದ ಶುರು ಮಾಡಬೇಡಿ. ಎಲ್ಲರೂ ಅದನ್ನೇ ಮಾಡುತ್ತಾರೆ: ಇಷ್ಟದ ಎಲೆಕ್ಟ್ರಾನಿಕ್ ಟ್ರ್ಯಾಕ್ ತಂದು ಕೆಳಗೆ ಹಾಸಿ, ಬೀಟ್‌ಗೆ ಸರಿಯಾಗಿ ಕಟ್ ಮಾಡಿ, ಕೈ ತೊಳೆದುಕೊಳ್ಳುವುದು. ಹೀಗೆ ಮಾಡಿದರೆ ಚಿತ್ರ ಹಾಡಿಗೆ ವಾಲ್‌ಪೇಪರ್ ಆಗುತ್ತದೆ. ಮೊದಲು ವೇಗ ನೋಡಿ. ಆ ಕಾಲದ ಕ್ಯಾಮೆರಾಗಳನ್ನು ಹೆಚ್ಚಾಗಿ ಕೈಯಲ್ಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಫ್ರೇಮ್ ಇರಬಹುದು, 20 ಇರಬಹುದು, ಅದಕ್ಕಿಂತ ಜಾಸ್ತಿಯೂ ಇರಬಹುದು. ಎಲ್ಲವನ್ನೂ ಈಗಿನ ಚಿತ್ರಗಳ ಹಾಗೆ 24ಕ್ಕೆ ಓಡಿಸಿದರೆ ಜನ ಕುಪ್ಪಳಿಸುತ್ತಾ ನಡೆಯುತ್ತಾರೆ. ‘ಮೆಟ್ರೊಪೊಲಿಸ್’ನ ಆರಂಭದಲ್ಲಿ ಪಾಳಿ ಬದಲಾಗುವ ದೃಶ್ಯ ನೆನಪಿದೆಯಾ? ಕೆಲಸಕ್ಕೆ ಹೋಗುವ ಸಾಲಿಗಿಂತ ಕೆಲಸ ಮುಗಿಸಿ ಬರುವ ಸಾಲು ನಿಧಾನ. ದಣಿವನ್ನೆಲ್ಲ ಲಾಂಗ್ ಆ ವ್ಯತ್ಯಾಸದಲ್ಲೇ ಇಟ್ಟಿದ್ದಾರೆ. ಬೀಟ್ ಅನ್ನು ಹೋಗುವವರ ಹೆಜ್ಜೆಗೆ ಹೊಂದಿಸಿದರೆ ದೃಶ್ಯ ಯಂತ್ರದ ಪರ, ಬರುವವರ ಹೆಜ್ಜೆಗೆ ಹೊಂದಿಸಿದರೆ ಮನುಷ್ಯರ ಪರ. ಯಾರ ಪರ ಅಂತ ನೀವು ತೀರ್ಮಾನಿಸಿದ ಮೇಲೆ ಟ್ರ್ಯಾಕ್ ಹುಡುಕಿ.

ಎಐ ಹಾಕಿ, ನಡುವೆ ಹೊಸ ಫ್ರೇಮ್ ಸೇರಿಸಿ, ಸೆಕೆಂಡಿಗೆ 60 ಫ್ರೇಮ್ ಮಾಡುವ ಆಸೆ ಬರುತ್ತದೆ. ನನ್ನ ಕೇಳಿದರೆ ಬೇಡ. ಜಾರ್ಜ್ ಮೆಲಿಯೆಸ್ ಅವರ 1902ರ ‘ಎ ಟ್ರಿಪ್ ಟು ದಿ ಮೂನ್’ನಲ್ಲಿ ಕೊಡೆಯಿಂದ ಹೊಡೆದರೆ ಚಂದ್ರಲೋಕದವನು ಹೊಗೆಯಾಗಿಬಿಡುತ್ತಾನೆ. ಕ್ಯಾಮೆರಾ ನಿಲ್ಲಿಸಿ, ನಟನನ್ನು ಸರಿಸಿ, ಹೊಗೆ ಎಬ್ಬಿಸಿ ಮತ್ತೆ ತಿರುಗಿಸಿದ್ದು. ಒಂದು ಫ್ರೇಮ್‌ನಲ್ಲಿ ಮನುಷ್ಯ, ಮುಂದಿನದರಲ್ಲಿ ಹೊಗೆ. ಸಾಫ್ಟ್‌ವೇರ್ ಇವೆರಡರ ನಡುವೆ ತನ್ನದೇ ಫ್ರೇಮ್ ತುರುಕಿದರೆ ಅವನು ಮೇಣದಂತೆ ಕರಗಿದ ಹಾಗೆ ಕಾಣಬಹುದು. ಜಾದೂ ಇದ್ದದ್ದೇ ಆ ಜಿಗಿತದಲ್ಲಿ!

ಮರುವ್ಯಾಖ್ಯಾನಕ್ಕೆ ನನಗೆ ತುಂಬಾ ಇಷ್ಟವಾದದ್ದು ‘ಮೆಟ್ರೊಪೊಲಿಸ್’ನ ಗಡಿಯಾರದಂಥ ಯಂತ್ರದ ದೃಶ್ಯ. ದೊಡ್ಡ ವೃತ್ತದ ಸುತ್ತ ಬಲ್ಬುಗಳು. ಯಾವ ಬಲ್ಬು ಹೊತ್ತಿದರೆ ಕೆಲಸಗಾರ ಮುಳ್ಳನ್ನು ಅಲ್ಲಿಗೆ ಎಳೆಯಬೇಕು. ಆ ಯಂತ್ರ ಏನು ಮಾಡುತ್ತದೆ ಅಂತ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಒಂದೊಂದು ಬಲ್ಬಿಗೂ ಫೋನಿನ ನೋಟಿಫಿಕೇಶನ್ ಸದ್ದು ಹಾಕಿ ನೋಡಿ. ಬೇರೇನೂ ಮುಟ್ಟಬೇಡಿ. ಮೊದಲು ನಗು ಬರುತ್ತದೆ, ಆಮೇಲೆ ಅವನು ಕೈ ಸೋತು ಜೋತುಬೀಳುವಾಗ ನಗು ನಿಲ್ಲುತ್ತದೆ.

ಹಕ್ಕಿನ (ಕಾಪಿರೈಟ್) ವಿಷಯ ಚುಟುಕಾಗಿ: ‘ಮೆಟ್ರೊಪೊಲಿಸ್’ 2023ರ ಜನವರಿ 1ರಿಂದ ಅಮೆರಿಕದಲ್ಲಿ ಮುಕ್ತ. ಯುರೋಪಿನಲ್ಲಿ ಲೆಕ್ಕ ಬೇರೆ, ಲಾಂಗ್ ತೀರಿಕೊಂಡಿದ್ದು 1976ರಲ್ಲಿ, ಅಲ್ಲಿಂದ 70 ವರ್ಷ ಎಣಿಸಬೇಕು. ಚಿತ್ರ ಮುಕ್ತವಾದರೂ ಅದರ ಹೊಸ ಸಂಗೀತ ಮುಕ್ತ ಅಲ್ಲ. ಮೆಲಿಯೆಸ್ ಚಿತ್ರದ ಬಣ್ಣದ ಪ್ರತಿಗೆ 2011ರಲ್ಲಿ ಏರ್ ಎಂಬ ಫ್ರೆಂಚ್ ಸಂಗೀತ ತಂಡ ಮಾಡಿದ ಸಂಗೀತವೂ ಹಾಗೇ. ಡೌನ್‌ಲೋಡ್ ಮಾಡಿದ ತಕ್ಷಣ ಆಡಿಯೊ ಅಳಿಸಿಬಿಡಿ, ತಲೆನೋವು ಅರ್ಧ ಕಮ್ಮಿ. ಪುನಶ್ಚೇತನಗೊಳಿಸಿದ ಪ್ರತಿಗೂ ಪ್ರತ್ಯೇಕ ಹಕ್ಕು ಇರಬಹುದು, ನಿಮ್ಮ ದೇಶದ ನಿಯಮ ನೋಡಿಕೊಳ್ಳಿ.

ಪೂರ್ತಿ ಚಿತ್ರಕ್ಕೆ ಈಗಲೇ ಕೈ ಹಾಕಬೇಡಿ. ಎರಡು ನಿಮಿಷದ ಒಂದು ದೃಶ್ಯ ತೆಗೆದುಕೊಂಡು ಕಾರ್ಡುಗಳನ್ನು ನೀವೇ ಬರೆಯಿರಿ. ಆ ಚಿತ್ರ ನೋಡದ ಒಬ್ಬರಿಗೆ ತೋರಿಸಿ, ಕಥೆ ಏನು ಅಂತ ಕೇಳಿ. ನಿಮ್ಮ ಮನಸ್ಸಿನಲ್ಲಿದ್ದ ಕಥೆ ಅವರ ಬಾಯಲ್ಲಿ ಬಂದರೆ ಮುಂದಿನ ದೃಶ್ಯಕ್ಕೆ ಹೋಗಿ. ಬರದಿದ್ದರೆ ಕಾರ್ಡು ಬದಲಿಸಿ, ಸಂಗೀತ ಅಲ್ಲ.